ಹಟ್ಟಿಯ ಅಟ್ಟಕ್ಕೆ ಹಿತ್ತಾಳೆ ಏರಿಸುವ ಮೊದಲು

ಕುಟುಂಬದ ಮನೆಯ ಭೂತಕೋಲಕ್ಕೆಂದು ಕಳೆದ ವರ್ಷ ಮಂಗಳೂರಿನ ಒಂದು ಪಾತ್ರೆ ಅಂಗಡಿಯಿಂದ 24 ಹಿತ್ತಾಳೆ ಚೊಂಬು ತಂದೆ. ದೀಪಾವಳಿಗೆ ಇಳಿಸಿ ನೋಡಿದರೆ ಒಂಬತ್ತು ಬಿರಿದಿದ್ದವು. ಬಿದ್ದದ್ದಿಲ್ಲ, ಬಡಿದದ್ದಿಲ್ಲ, ಇಟ್ಟಲ್ಲೇ ಬಿರಿದವು. ದನದ ಹಟ್ಟಿಯೂ ಹಿತ್ತಾಳೆಯೂ ಇರುವ ಮನೆಯವರು ಇದನ್ನೊಮ್ಮೆ ಓದಬೇಕು.

ಕೊಳ್ಳುವಾಗ ಅಂಗಡಿಯವರು ಚೊಂಬಿನ ಬಾಯಿಯನ್ನು ಬೆರಳಲ್ಲಿ ಟಣ್ಣೆಂದು ಬಾರಿಸಿ, "ಇದು ಕೋವಿಯ ಕಾಡತೂಸು ಮಾಡುವ ಹಿತ್ತಾಳೆ ಅಣ್ಣ, ಒತ್ತಿದರೂ ನೆಗ್ಗುವುದಿಲ್ಲ" ಎಂದಿದ್ದರು. ನಾನು ಮರುಳಾದದ್ದು ಆ ಮಾತಿಗೇ. ಪತ್ತನಾಜೆ ಕಳೆದು ಕೋಲಗಳೆಲ್ಲ ಮುಗಿದ ಮೇಲೆ ತೊಳೆದು, ಒರೆಸಿ, ಗೋಣಿಯಲ್ಲಿ ಕಟ್ಟಿ ಹಿರಿಯಡ್ಕದ ಹತ್ತಿರದ ನಮ್ಮ ಮನೆಯ ಹಟ್ಟಿಯ ಅಟ್ಟಕ್ಕೆ ಏರಿಸಿದೆ. ಕೆಳಗೆ ನಾಲ್ಕು ಹಸು, ಮಳೆಗಾಲದ ಸೊಪ್ಪಿನ ಹಾಸು, ಕಣ್ಣು ಉರಿಯುವಷ್ಟು ಗಂಜಲದ ಘಾಟು.

ಬಿರುಕುಗಳೆಲ್ಲ ಬಾಯಂಚಿನಿಂದ ಶುರುವಾಗಿ ನೇರ ಕೆಳಗಿಳಿದಿದ್ದವು. ಬಿದ್ದ ಪಾತ್ರೆ ಮೊದಲು ನೆಗ್ಗುತ್ತದೆ. ಇವುಗಳಲ್ಲಿ ಒಂದೇ ಒಂದು ನೆಗ್ಗು ಇರಲಿಲ್ಲ. ಅಂಗಡಿಯವರು ಇದನ್ನು ಕಣ್ಣೆತ್ತಿಯೂ ನೋಡದೆ "ಎತ್ತಿಹಾಕಿದ್ದೀರಿ" ಎಂದು ಬಿಟ್ಟರು.

ವಿಷಯ ಬಿಡಿಸಿ ಹೇಳಿದವರು ಮದ್ದುಗುಂಡು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನನ್ನ ಭಾವ. ಚೊಂಬನ್ನು ಬೆಳಕಿಗೆ ಹಿಡಿದವರೇ ನಕ್ಕುಬಿಟ್ಟರು. "ಅಂಗಡಿಯವನು ಸುಳ್ಳು ಹೇಳಲಿಲ್ಲ ಮಾರಾಯ. ಕಾಡತೂಸಿನ ಹಿತ್ತಾಳೆ, ಕಾಡತೂಸಿನದೇ ಕಾಯಿಲೆ."

ಕಾಡತೂಸಿನ ಹಿತ್ತಾಳೆ ಎಂದರೆ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ತಗಡನ್ನು ಅಚ್ಚಿಗೆ ಒತ್ತಿ ಆಳವಾದ ಬಟ್ಟಲಾಗಿ ಎಳೆಯಲು ಇದರಷ್ಟು ಒಗ್ಗುವ ಲೋಹ ಕಡಿಮೆ. ಆದರೆ ಎಳೆದಷ್ಟೂ ಬಿಗಿಯುತ್ತದೆ: ಕಾಯಿಸಿ ಮೆದುವಾಗಿಸಿದಾಗ ವಿಕರ್ಸ್ ಅಳತೆಯಲ್ಲಿ 60–70ರ ಆಸುಪಾಸು ಇರುವ ಗಡಸುತನ ಎಳೆದ ಮೇಲೆ 150 ದಾಟುತ್ತದೆ. ಆ ಗಡಸುತನದ ಜೊತೆಗೆ ಗೋಡೆಯೊಳಗೆ ಸೆಳೆತವೊಂದು ಉಳಿದುಕೊಳ್ಳುತ್ತದೆ, ಕಟ್ಟಿ ಬಿಗಿದ ಹಗ್ಗದ ಹಾಗೆ. ಬೆರಳಲ್ಲಿ ಬಾರಿಸಿದರೆ ಗಡಸುತನ ಕೇಳಿಸುತ್ತದೆ, ಸೆಳೆತ ಕೇಳಿಸುವುದಿಲ್ಲ. ಗಂಜಲ ಕೊಳೆತಾಗ ಏಳುವ ಅಮೋನಿಯಾ, ಜೊತೆಗೆ ತೇವ ತಾಗಿದರೆ ಲೋಹದ ಹರಳು ಹರಳಿನ ಸಂದಿನಲ್ಲಿ ಬಿರುಕು ಹೊಕ್ಕುತ್ತದೆ. ಹೊರಗಿನಿಂದ ಯಾರೂ ಜಗ್ಗಬೇಕಾಗಿಲ್ಲ.

ಬ್ರಿಟಿಷರ ಸೇನೆಗೆ ಈ ಪಾಠವಾದದ್ದು ನಮ್ಮ ದೇಶದಲ್ಲೇ ಅಂತೆ. ಮಳೆಗಾಲದಲ್ಲಿ ಕುದುರೆ ಲಾಯಗಳ ಬಳಿ ಇರಿಸಿದ್ದ ಕಾಡತೂಸುಗಳು ತಾವಾಗಿಯೇ ಬಿರಿಯುತ್ತಿದ್ದವು. ಮಳೆಯ ಜೊತೆ ಬರುವ ಪೀಡೆಯೆಂದು ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರಾಯಿತು. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರು 1921ರಲ್ಲಿ ಕಾರಣವನ್ನು ಬಿಡಿಸಿಟ್ಟರು: ಒಳಗಿನ ಸೆಳೆತ, ಹೊರಗಿನ ಅಮೋನಿಯಾ. ನೂರು ವರ್ಷದ ಹಳೆಯ ಸುದ್ದಿ. ನಮ್ಮ ಅಟ್ಟಕ್ಕೆ ಮಾತ್ರ ಈಗ ತಲುಪಿತು.

ಇದಕ್ಕೆ ಮದ್ದು ಕಾಯಿಸುವುದು. ಸುಮಾರು 250–300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟರೆ ಸೆಳೆತ ಬಹುಪಾಲು ಇಳಿಯುತ್ತದೆ, ಗಡಸುತನ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. 600ರ ಹತ್ತಿರ ಹೋದರೆ ಪಾತ್ರೆ ಮೆದುವಾಗಿ ಕೈಯೊತ್ತಿಗೂ ನೆಗ್ಗುತ್ತದೆ. ಕಾಡತೂಸಿಗೆ ಎರಡೂ ಬೇಕು. ಬುಡ ಗಡುಸಾಗಿರಬೇಕು, ಬಾಯಿಯ ಕಡೆಯನ್ನು ಬೇರೆಯಾಗಿ ಕಾಯಿಸಿ ಮೆದು ಮಾಡುತ್ತಾರೆ. ಸೇನೆಯ ಕಾಡತೂಸಿನ ಕತ್ತಿನಲ್ಲಿ ಕಾಣುವ ನೀಲಿ-ಕಂದು ಛಾಯೆ ಆ ಬೆಂಕಿಯ ಗುರುತು. ನನ್ನ ಚೊಂಬುಗಳು ಎಳೆದ ಮೇಲೆ ಬೆಂಕಿಯ ಮುಖ ಕಂಡಿರಲಿಲ್ಲ ಎಂಬುದು ಭಾವನ ಅಂದಾಜು. ಅದೇ ಅಟ್ಟದಲ್ಲಿ ಅಜ್ಜಿಯ ಕಾಲದ ಎರಕದ ಗಿಂಡಿಯೂ ಇತ್ತು. ಕಪ್ಪಾಗಿತ್ತು, ಅಷ್ಟೇ. ಎರಕ ಹೊಯ್ದದ್ದನ್ನು ಯಾರೂ ಎಳೆದು ಬಿಗಿದಿರುವುದಿಲ್ಲವಲ್ಲ.

ಹಾಗಾಗಿ, ಒತ್ತಿ ಎಳೆದ ಹಿತ್ತಾಳೆ ಕೊಳ್ಳುವಾಗ "ಎಳೆದ ಮೇಲೆ ಕಾಯಿಸಿದ್ದೀರಾ?" ಎಂದು ಕೇಳಿ. ಉತ್ತರ ತಡವರಿಸಿದರೆ ತೂಕ ನೋಡಿ ಎರಕದ್ದೇ ತನ್ನಿ, ದುಬಾರಿಯಾದರೂ ಸರಿ. ಹಟ್ಟಿ, ಗೊಬ್ಬರದ ಗುಂಡಿ, ಯೂರಿಯಾ ಚೀಲ ಇವುಗಳ ಹತ್ತಿರ ಇಡಬೇಡಿ. ಅಮೋನಿಯಾ ಇರುವ ದ್ರಾವಣದಲ್ಲಿ ಉಜ್ಜಬೇಡಿ, ಹುಣಸೆಹುಳಿ ಸಾಕು. ಮನೆಯ ಒಲೆಯಲ್ಲಿ ಕಾಯಿಸುವ ಸಾಹಸವಂತೂ ಬೇಡ, ಶಾಖ ಎಷ್ಟೆಂದು ಅಲ್ಲಿ ತಿಳಿಯುವುದಿಲ್ಲ.

ಉಳಿದ ಹದಿನೈದನ್ನು ಬೈಕಂಪಾಡಿಯಲ್ಲಿ ಕುಲುಮೆ ಇರುವವರೊಬ್ಬರ ಬಳಿ ಕಾಯಿಸಿಕೊಂಡು ಬಂದೆ. ಅವುಗಳಲ್ಲಿ ಎರಡರ ಅಂಚಿನಲ್ಲಿ ಕೂದಲೆಳೆಯ ಗೆರೆ ಮೊದಲೇ ಇತ್ತು, ಬೆಂಕಿ ಅದನ್ನು ಅಳಿಸಲಿಲ್ಲ. ಹದಿಮೂರು ಈಗ ಅಡುಗೆಮನೆಯ ಕಪಾಟಿನಲ್ಲಿವೆ. ಈ ಸಲದ ಕೋಲಕ್ಕೆ ಉಳಿದ ಹನ್ನೊಂದನ್ನು ನೆರೆಮನೆಯಿಂದ ಕೇಳಿ ತರಬೇಕು.