ಮೆಶ್ ರೂಟರ್ ಬೇಕಾ, ಎಕ್ಸ್‌ಟೆಂಡರ್ ಸಾಕಾ?

ಚಿಕ್ಕಮಗಳೂರು ಕಡೆಯ ಹಳೇ ತೊಟ್ಟಿಮನೆಗಳ ಗೋಡೆ ಅಂದರೆ ಸುಮ್ನೆ ಅಲ್ಲ. ಜಗಲಿಯಲ್ಲಿಟ್ಟ ವೈಫೈ ರೂಟರಿನ 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. 2.4 ಗಿಗಾಹರ್ಟ್ಸಿನದು ಇನ್ನೂ ಸ್ವಲ್ಪ ದೂರ ಹೋಗುತ್ತದೆ, ಆದರೆ ವೇಗ ಕಡಿಮೆ.

ತೊಂದರೆ ಒಂದೇ ಕೋಣೆಗಾ? ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಸಾಕು, ಅಗ್ಗ. ಸಿಂಗಲ್ ಬ್ಯಾಂಡಿನದಾದರೆ, ಅಂದರೆ ಒಂದೇ ತರಂಗಾಂತರದಲ್ಲಿ ಸಿಗ್ನಲ್ ಪಡೆದು ಅದರಲ್ಲೇ ಹಂಚುವಂಥದ್ದಾದರೆ, ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ವಾಟ್ಸಾಪಿಗೆ ಪರವಾಗಿಲ್ಲ, ಆಫೀಸ್ ಮೀಟಿಂಗಿಗೆ ಕಿರಿಕಿರಿ.

ಮನೆ ತುಂಬ ಬೇಕಾದರೆ ಮೆಶ್, ಅಂದರೆ ಒಂದೇ ಜಾಲವಾಗಿ ಕೆಲಸ ಮಾಡುವ ಎರಡು-ಮೂರು ರೂಟರ್ ಪೆಟ್ಟಿಗೆಗಳು. ಎಲ್ಲ ಕಡೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅಡುಗೆಮನೆಯಿಂದ ಮಹಡಿ ಹತ್ತಿದರೂ ಫೋನ್ ತಾನಾಗಿಯೇ ಹತ್ತಿರದ ಪೆಟ್ಟಿಗೆಗೆ ಬದಲಾಗುತ್ತದೆ. ಜನ ಎಡವುವುದು ಒಂದೇ ಕಡೆ: ಸಿಗ್ನಲ್ ಬಾರದ ಕೋಣೆಯಲ್ಲೇ ಎರಡನೇ ಪೆಟ್ಟಿಗೆ ಇಡುತ್ತಾರೆ. ಆ ಪೆಟ್ಟಿಗೆಗೇ ಸಿಗ್ನಲ್ ಸಿಗದಿದ್ದರೆ ಹಂಚುವುದೇನನ್ನು? ಅರ್ಧ ದಾರಿಯಲ್ಲಿ, ತೊಟ್ಟಿಗೆ ತೆರೆದ ಬಾಗಿಲ ಪಕ್ಕ ಇಡಿ. ಎರಡರ ನಡುವೆ ಲ್ಯಾನ್ ಕೇಬಲ್ ಎಳೆಸಿದರೆ ಇನ್ನೂ ಒಳ್ಳೆಯದು, ನನ್ನ ಓಟು ಅದಕ್ಕೇ.

ಇನ್ವರ್ಟರ್ ಇಲ್ಲದ ಮನೆಯಾದರೆ ಪ್ರತಿ ಪೆಟ್ಟಿಗೆಗೂ ಪುಟ್ಟ ಯುಪಿಎಸ್ ಬೇಕು. ಮಳೆಗಾಲದ ಕರೆಂಟಿನ ಕಥೆ ಗೊತ್ತೇ ಇದೆಯಲ್ವಾ?

ಕಾಫಿ ಕಣದಾಚೆಯ ಬೇರೆ ಕಟ್ಟಡಕ್ಕೆ ಮಾತ್ರ ಹೊರಗಿನಿಂದ ತಾಮ್ರದ ಕೇಬಲ್ ಎಳೆಯಬೇಡಿ. ಸಿಡಿಲು ಬಡಿದರೆ ಎರಡೂ ಕಡೆಯ ಪೆಟ್ಟಿಗೆ ಸುಟ್ಟೀತು. ಅಲ್ಲಿಗೆ ಫೈಬರ್ (ಗಾಜಿನ ಎಳೆಯ) ಕೇಬಲ್ಲೇ ಸರಿ.