ಬಿಸಿ ಎಂಜಿನ್ ಹತ್ತಿಕೊಳ್ಳದಿದ್ದಾಗ ಓಬಿಡಿ ಸ್ಕ್ಯಾನರ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಹಳೆಯ ಪೆಟ್ರೋಲ್ ಕಾರು ಓಡಿಸುವವರು ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಕೊಳ್ಳಬೇಕೇ? ಖಂಡಿತ ಕೊಳ್ಳಿ. ಕಾರಿನೊಳಗಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರ್ ಹೇಳುವುದನ್ನು ಮೊಬೈಲಿಗೆ ಕಳಿಸುವ ಪುಟ್ಟ ಸಾಧನ ಅದು. ಆ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಓದುವುದು ಅದರ ಸಣ್ಣ ಕೆಲಸ. ಸ್ಟಾರ್ಟರ್ ತಿರುಗುತ್ತಿರುವಾಗಲೇ ಎಂಜಿನ್ನಿನ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸುತ್ತದಲ್ಲ, ಅದಕ್ಕೇ ಕೊಟ್ಟ ಹಣ ಸಾರ್ಥಕ.

ನನ್ನದು 2013ರ ಹ್ಯಾಚ್‌ಬ್ಯಾಕ್, 1.8 ಲಕ್ಷ ಕಿಲೋಮೀಟರ್ ದಾಟಿದೆ. ವಾಸ ಪುಣೆಯಲ್ಲಿ, ಊರು ನಿಪ್ಪಾಣಿಯ ಆಚೆ. ಬೆಳಿಗ್ಗೆ ತಣ್ಣಗಿದ್ದಾಗ ಕೀಲಿ ತಿರುಗಿಸಿದೊಡನೆ ಹೊರಡುವ ಕಾರು, ಖಂಬಾಟ್ಕಿ ಘಾಟ್ ದಾಟಿ ಚಹಾಕ್ಕೆ ನಿಲ್ಲಿಸಿದರೆ ಮತ್ತೆ ಹತ್ತಿಕೊಳ್ಳುತ್ತಿರಲಿಲ್ಲ. ಸ್ಟಾರ್ಟರ್ ಮಾತ್ರ ಗಟ್ಟಿಯಾಗಿಯೇ ತಿರುಗುತ್ತಿತ್ತು. ಬಾನೆಟ್ ತೆರೆದು ಅರ್ಧ ಗಂಟೆ ಕಾದರೆ ಎಲ್ಲವೂ ಸರಿ. ಏಪ್ರಿಲ್ ಬಿಸಿಲಿನಲ್ಲಿ ವಯಸ್ಸಾದ ತಾಯಿಯನ್ನು ಹೆದ್ದಾರಿ ಬದಿಯಲ್ಲಿ ಕೂರಿಸಿಕೊಂಡು ಕಾಯುವುದು ಸಹಿಸುವ ಮಾತಲ್ಲ.

ಎಂಜಿನ್ ನಿಂತೊಡನೆ ಅದನ್ನು ತಂಪಾಗಿಡುವ ಕೂಲೆಂಟ್ ದ್ರವ ಹರಿಯುವುದು ನಿಲ್ಲುತ್ತದೆ, ಗಾಳಿಯೂ ಇಲ್ಲ. ಒಳಗಿನ ಕಾವೆಲ್ಲ ಸುತ್ತಲಿನ ಬಿಡಿಭಾಗಗಳಿಗೆ ಹಬ್ಬುತ್ತದೆ. ಹೀಗಾಗಿ ಅಲ್ಲಿರುವ ಸೆನ್ಸರ್‌ಗಳು, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ (ರೈಲ್) ಎಲ್ಲವೂ ಓಡುವಾಗಿನದಕ್ಕಿಂತ ನಿಲ್ಲಿಸಿದ ಹತ್ತು–ಹದಿನೈದು ನಿಮಿಷಕ್ಕೆ ಹೆಚ್ಚು ಬಿಸಿಯಾಗುತ್ತವೆ. ಒಬ್ಬ ಮೆಕ್ಯಾನಿಕ್ ಬ್ಯಾಟರಿ ಎಂದರು, ಇನ್ನೊಬ್ಬರು ಪ್ಲಗ್ ಎಂದರು, ಮತ್ತೊಬ್ಬರು ನೇರವಾಗಿ ಪೆಟ್ರೋಲ್ ಪಂಪನ್ನೇ ಬದಲಿಸಲು ಹೊರಟರು. ಯಾರೂ ಏನನ್ನೂ ಅಳೆದು ನೋಡಿರಲಿಲ್ಲ. ಹಳೆಯ ಕಾರಿನವರ ಹಣ ಪೋಲಾಗುವುದು ಇಲ್ಲಿಯೇ.

ಸ್ಕ್ಯಾನರ್ ಸಿಕ್ಕಿಸಿ, ಆ್ಯಪ್‌ನಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಒಂದನ್ನೇ ಆಯ್ದುಕೊಳ್ಳಬೇಕು. ಈ ಅಗ್ಗದ ಸಾಧನಗಳು ನಿಧಾನ; ಹತ್ತು ಅಂಕಿ ಒಟ್ಟಿಗೆ ಕೇಳಿದರೆ ಒಂದೂ ಸಕಾಲಕ್ಕೆ ಬರುವುದಿಲ್ಲ. ಕಾರು ಕೈಕೊಟ್ಟ ಹೊತ್ತಿನಲ್ಲೇ ಕೀಲಿ ತಿರುಗಿಸಿ ನೋಡಿ. ಆರೋಗ್ಯವಾಗಿದ್ದರೆ ಸುಮಾರು 150ರಿಂದ 250 ಕಾಣಬೇಕು. ನನಗೆ ಕಂಡದ್ದು ಸೊನ್ನೆ. ಎಂಜಿನ್ ತಿರುಗುತ್ತಿರುವುದು ಕಿವಿಗೆ ಕೇಳುತ್ತಿದೆ, ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಮಾತ್ರ ಗೊತ್ತಿಲ್ಲ! ಅದಕ್ಕೆ ಗೊತ್ತಾಗದಿದ್ದರೆ ಕಿಡಿಯೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ ಬಿಸಿಯಾದಾಗ ಸುಮ್ಮನಾಗಿ ತಣಿದಾಗ ಮತ್ತೆ ಕೆಲಸ ಮಾಡುವುದು ಹಳೆಯ ಕಾರುಗಳ ಪರಿಚಿತ ಕಾಯಿಲೆ. ಆಗ ಒಂದು ಕೋಡ್ ಕೂಡ ದಾಖಲಾಗಿರಲಿಲ್ಲ. ಆ ಸೆನ್ಸರಿನ ದೋಷ ಹೇಳುವ ಪಿ0335 ಕೋಡ್ ಕಾಣಿಸಿಕೊಂಡದ್ದು ಬಹಳ ತಡವಾಗಿ.

ಪುಣೆಯ ಹಡಪಸರದಲ್ಲಿ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅಂಕಿ ನೋಡಿದವರೇ, "ಸರ್, ಮೊದಲು ಕನೆಕ್ಟರ್ ಬಿಚ್ಚಿ ನೋಡೋಣ. ಅಲ್ಲಿ ಎಣ್ಣೆ ಇಳಿದಿದ್ದರೆ ಹೊಸ ಸೆನ್ಸರ್ ಹಾಕಿದರೂ ಇದೇ ಪಾಡು" ಎಂದರು. ಕನೆಕ್ಟರ್ ಶುಚಿಯಾಗಿತ್ತು, ಸೆನ್ಸರ್ ಬದಲಾಯಿತು, ಆ ತೊಂದರೆ ಮತ್ತೆ ಬರಲಿಲ್ಲ.

ಕೂಲೆಂಟ್ ಸೆನ್ಸರ್ ಪರೀಕ್ಷೆಗೂ ಇದು ಬಹಳ ಒಳ್ಳೆಯದು. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್ ಮತ್ತು ಒಳಬರುವ ಗಾಳಿಯ ತಾಪ ಹೆಚ್ಚುಕಡಿಮೆ ಒಂದೇ ಇರಬೇಕು. ಚೆನ್ನಾಗಿ ಓಡಿ ಬಂದ ಎಂಜಿನ್ 40 ಡಿಗ್ರಿ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಇಸಿಯು ಅದನ್ನು ನಂಬಿ ಬೇಡದಷ್ಟು ಪೆಟ್ರೋಲ್ ಸುರಿಯುತ್ತದೆ.

ಇನ್ನು ಸ್ಕ್ಯಾನರ್‌ಗೆ ಎಟುಕದ ಸಂಗತಿ. ಒಂದೆರಡು ವರ್ಷ ಕಳೆದ ಮೇಲೆ ಬಿಸಿ ಇದ್ದಾಗ ಕಾರು ಸ್ಟಾರ್ಟ್ ಆಗುತ್ತಿತ್ತು, ಆದರೆ ಬಹಳ ಹೊತ್ತು ತಿರುಗಿಸಬೇಕಿತ್ತು. ಈ ಸಲ ಆರ್‌ಪಿಎಂ ಸರಿಯಾಗಿಯೇ ಇತ್ತು. ನನ್ನ ಕಾರಿನಂಥ ಬಹಳಷ್ಟು ಸಾಧಾರಣ ಪೆಟ್ರೋಲ್ ಕಾರುಗಳಲ್ಲಿ ಇಂಧನದ ಒತ್ತಡ ಅಳೆಯುವ ಸೆನ್ಸರೇ ಇಲ್ಲ. ಇಲ್ಲದ್ದನ್ನು ಸ್ಕ್ಯಾನರ್ ಎಲ್ಲಿಂದ ತೋರಿಸಬೇಕು? ಸ್ಟಾರ್ಟ್ ಮಾಡದೆ ಕೀಲಿಯನ್ನು ಎರಡು ಮೂರು ಸಲ ಆನ್–ಆಫ್ ಮಾಡಿ, ಪ್ರತಿ ಸಲವೂ ಪಂಪಿನ ಗುಂಯ್ ಸದ್ದು ನಿಲ್ಲುವವರೆಗೆ ಕಾದು, ಆಮೇಲೆ ತಿರುಗಿಸಿದರೆ ಥಟ್ಟನೆ ಹತ್ತುತ್ತಿತ್ತು. ಒತ್ತಡ ಸೋರುತ್ತಿದೆ ಎಂಬುದರ ಸುಳಿವು ಅದು. ಹಡಪಸರದವರು ಒತ್ತಡ ಅಳೆಯುವ ಗೇಜ್ ಹಾಕಿ ನೋಡಿದಾಗ, ನಿಲ್ಲಿಸಿದ ಕೆಲವೇ ನಿಮಿಷದಲ್ಲಿ ಮುಳ್ಳು ಕೆಳಗಿಳಿಯಿತು. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಹೋಗಿತ್ತು. ಹಾಗಲ್ಲದೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಹತ್ತಿ, ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಸೋರಿಕೆಯನ್ನು ಶಂಕಿಸಬೇಕು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಪೈಪ್ ಬಿಚ್ಚುವ ಕೆಲಸಕ್ಕೆ ನೀವು ಕೈಹಾಕಬೇಡಿ, ಬಲ್ಲವರಿಗೇ ಬಿಡಿ.

ಕೊಳ್ಳುವ ಮುನ್ನ ಕಾರಿನ ವರ್ಷ ನೋಡಿಕೊಳ್ಳಿ. ಬಿಎಸ್–4 ಹೊಗೆ ನಿಯಮದ ಕಾರುಗಳಿಗೆ, ಈ ಸ್ಕ್ಯಾನರ್‌ಗಳು ಓದುವ ಓಬಿಡಿ–2 ವ್ಯವಸ್ಥೆ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯದಾದರೆ ಸ್ಕ್ಯಾನರ್ ಒಪ್ಪುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಐಫೋನ್ ಇರುವವರಿಗೆ ಹಳೆಯ ಬ್ಲೂಟೂತ್ ಮಾದರಿ ಸಾಲದು, ವೈಫೈ ಅಥವಾ ಬಿಎಲ್‌ಇ (ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ಬ್ಲೂಟೂತ್) ಮಾದರಿ ಬೇಕು. ಕೆಲವು ಕಾರುಗಳಲ್ಲಿ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಸಂಪರ್ಕ ಕಡಿದುಹೋಗುತ್ತದೆ. ಮತ್ತೆ ಜೋಡಿಸುವ ತಾಳ್ಮೆ ಇರಲಿ. ಕೀಲಿ ತೆಗೆದ ಮೇಲೂ ಸ್ಕ್ಯಾನರ್ ಬ್ಯಾಟರಿಯಿಂದ ವಿದ್ಯುತ್ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಕೆಲಸ ಮುಗಿದೊಡನೆ ಕಿತ್ತು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಡಿ.