ಕರಾವೊಕೆಯಲ್ಲಿ ಗಂಡಸು ಹಾಡಬೇಕಾದ ಹಳೆಯ ಹಾಡು: ಉಂಗುರವೋ, ಧಾರಾವಾಹಿಯೋ?

ಕರಾವೊಕೆಯಲ್ಲಿ ಐವತ್ತರ ಆಸುಪಾಸಿನ ಜಪಾನಿ ಹೆಂಗಸರನ್ನು ಮೆಚ್ಚಿಸಲು ಗಂಡಸು ಯಾವ ಹಳೆಯ ಹಾಡು ಹಾಡಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ತೆರಾವೊ ಅಕಿರಾ ಅವರ ‘ರೂಬಿ ನೊ ಯುಬಿವಾ’ಕ್ಕೆ, ಅಂದರೆ ಮಾಣಿಕ್ಯದ ಉಂಗುರಕ್ಕೆ. ಉಳಿದವನ್ನೂ ಹಾಡಿ ನೋಡಿದ್ದೇನೆ. ಆದರೆ ಪಿ.ಬಿ. ಶ್ರೀನಿವಾಸ್ ಹಾಡುಗಳನ್ನು ಗುನುಗುತ್ತ ಬೆಳೆದ ಮಂದ್ರದ ಗಂಟಲು ನನ್ನದು, ಆದ್ದರಿಂದ ಈ ಹೋಲಿಕೆ ನಿಷ್ಪಕ್ಷಪಾತವಾಗಿದೆ ಎಂದು ಯಾರೂ ನಂಬಬೇಕಾಗಿಲ್ಲ.

ಕೇಳುಗರು ಯಾರೆಂಬುದನ್ನೂ ಹೇಳಬೇಕು. ನಾನಿರುವುದು ನಗೋಯಾದಲ್ಲಿ. ಕಚೇರಿಯ ಊಟ ಮುಗಿದ ಮೇಲೆ ಎರಡನೆಯ ಸುತ್ತಿಗೆಂದು ಕರಾವೊಕೆಗೆ ಬರುವ ಲೆಕ್ಕಪತ್ರ ವಿಭಾಗದ ಅಕ್ಕಂದಿರು ಒಂದು ಗುಂಪು. ಮನೆಯ ಹತ್ತಿರದ ‘ಸ್ನ್ಯಾಕ್’, ಅಂದರೆ ಕುಡಿಯುತ್ತ ಹರಟುತ್ತ ಹಾಡುವ ಪುಟ್ಟ ಬಾರು, ಅದರ ಒಡತಿ ಮತ್ತು ಆಕೆಯ ಗೆಳತಿಯರು ಇನ್ನೊಂದು. ಎಲ್ಲರೂ ಐವತ್ತರ ಆಚೀಚಿನವರು. ಅವರನ್ನು ಮೆಚ್ಚಿಸುವುದೆಂದರೆ ನನ್ನ ಮಟ್ಟಿಗೆ ಇಷ್ಟೇ: ಹಾಡು ಮುಗಿಯುವವರೆಗೆ ಯಾರೂ ಮೊಬೈಲ್ ನೋಡಬಾರದು, ಮುಗಿದ ಮೇಲೆ ಇನ್ನೊಂದು ಹಾಡಿ ಎನ್ನಬೇಕು.

ಹಾಡು ಆರಿಸುವ ಮುನ್ನ ಒಂದು ಲೆಕ್ಕ ಹಾಕಿಕೊಳ್ಳಬೇಕು. ಕೇಳುಗರಿಗೆ ಹದಿನಾಲ್ಕರಿಂದ ಇಪ್ಪತ್ತೆರಡು ವಯಸ್ಸಾಗಿದ್ದಾಗ ಬಂದ ಹಾಡಾಗಿದ್ದರೆ ಅರ್ಧ ಕೆಲಸ ಆದಂತೆ. ‘ಹಳೆಯದು’ ಎಂದುಕೊಂಡು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವ ವಿದೇಶಿಯರೇ ಹೆಚ್ಚು. ಇಶಿಹಾರಾ ಯೂಜಿರೊ ಅವರ ಯುಗಳಗೀತೆ ‘ಗಿನ್ಜಾ ನೊ ಕೊಯಿ ನೊ ಮೊನೊಗತಾರಿ’ 1961ರದ್ದು. ಅದನ್ನು ಐವತ್ತರ ಹೆಂಗಸಿನ ಮುಂದೆ ಹಾಡಿದರೆ ಆಕೆಯನ್ನು ಆಕೆಯ ತಾಯಿಯ ಸಾಲಿನಲ್ಲಿ ಕೂರಿಸಿದಂತಾಗುತ್ತದೆ. ನಗುತ್ತಲೇ ಚಪ್ಪಾಳೆ ತಟ್ಟುತ್ತಾರೆ, ಅಷ್ಟೇ.

ಲೆಕ್ಕದ ಪ್ರಕಾರ ಗೆಲ್ಲಬೇಕಾದದ್ದು ಒದಾ ಕಜುಮಸಾ ಅವರ ‘ಲವ್ ಸ್ಟೋರಿ ವಾ ತೊತ್ಸುಜೆನ್ ನಿ’. 1991ರಲ್ಲಿ ಫುಜಿ ಟಿವಿಯಲ್ಲಿ ಸೋಮವಾರ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದ ‘ಟೋಕಿಯೊ ಲವ್ ಸ್ಟೋರಿ’ ಧಾರಾವಾಹಿಯ ಹಾಡಿದು. ಧ್ವನಿಮುದ್ರಿಕೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅಂದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯರೇ ಇಂದಿನ ನಮ್ಮ ಅಕ್ಕಂದಿರು. ಹಾಡು ಶುರುವಾಗುವುದು ಗಿಟಾರಿನ ಒಂದೇ ಒಂದು ಮೊನಚು ಮೀಟಿನಿಂದ. ಅದು ಕಿವಿಗೆ ಬಿದ್ದದ್ದೇ ತಡ, ಇಡೀ ಕೋಣೆ ಕಿರುಚುತ್ತದೆ. ನೀವಿನ್ನೂ ಬಾಯಿ ತೆರೆದಿರುವುದಿಲ್ಲ, ಆಗಲೇ ಗೆದ್ದಿರುತ್ತೀರಿ.

ಬಾಯಿ ತೆರೆದ ಮೇಲೆ ಶುರುವಾಗುತ್ತದೆ ಪೀಕಲಾಟ. ಒದಾ ಅವರದು ಗಾಜಿನಷ್ಟು ತಿಳಿಯಾದ ತಾರಸ್ಥಾಯಿಯ ದನಿ. ಪಲ್ಲವಿಗೆ ಬರುವಷ್ಟರಲ್ಲಿ ಸಾಮಾನ್ಯ ಗಂಡಸಿನ ಕುತ್ತಿಗೆಯ ನರಗಳೆಲ್ಲ ಎದ್ದು ನಿಂತಿರುತ್ತವೆ. ಯಂತ್ರದಲ್ಲಿ ಶ್ರುತಿ ಇಳಿಸುವ ಗುಂಡಿ ಇದೆಯಲ್ಲ ಎನ್ನುತ್ತೀರಿ. ಇದೆ. ಕರಾವೊಕೆ ಹುಟ್ಟಿದ್ದೇ ಹಾಡಲು ಬಾರದವರ ಅನುಕೂಲಕ್ಕೆ. ಕೋಬೆಯ ಬಾರುಗಳಲ್ಲಿ ಗಿರಾಕಿಗಳಿಗೆ ಹಿಮ್ಮೇಳ ನುಡಿಸುತ್ತಿದ್ದ ಇನೊವೆ ಡೈಸುಕೆ 1971ರಲ್ಲಿ ಅದನ್ನು ಪೆಟ್ಟಿಗೆಗೆ ಇಳಿಸಿ ಬಾಡಿಗೆಗೆ ಬಿಟ್ಟರು. ಆದರೆ ಈ ಹಾಡಿನಲ್ಲಿ ಆ ಗುಂಡಿ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ನಾಲ್ಕು ಮೆಟ್ಟಿಲು ಇಳಿಸಿದರೆ ಪಲ್ಲವಿ ಕೈಗೆ ಎಟುಕುತ್ತದೆ, ಚರಣದ ಮೊದಲ ಸಾಲುಗಳು ನೆಲಮಾಳಿಗೆಗೆ ಇಳಿಯುತ್ತವೆ. ಎರಡು ಮೆಟ್ಟಿಲು ಇಳಿಸಿದರೆ ಚರಣ ಚೆನ್ನ, ಪಲ್ಲವಿಯಲ್ಲಿ ಆಕ್ರಂದನ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಶ್ರುತಿ ಇಳಿಸಿದಾಗ ನಿಮ್ಮ ದನಿಗೆ ಮಾತ್ರವಲ್ಲ, ಆ ಮೊದಲ ಗಿಟಾರ್ ಮೀಟಿಗೂ ಮಂಕು ಬಡಿಯುತ್ತದೆ. ಮೂವತ್ತು ವರ್ಷಗಳಿಂದ ಅವರ ಕಿವಿಯಲ್ಲಿ ಕೂತಿರುವುದು ಆ ಹೊಳಪಿನ ಒಂದು ಕ್ಷಣ. ಅದನ್ನೇ ಕೆಡಿಸಿದ ಮೇಲೆ ಈ ಹಾಡನ್ನು ಆರಿಸಿ ಏನು ಪ್ರಯೋಜನ? ಮೀಟು ಮೂಲ ಶ್ರುತಿಯಲ್ಲೇ ಮೊಳಗಲಿ ಎಂದು ಬಿಟ್ಟು, ಹಾಡುವ ಸಾಲು ಬರುವುದರೊಳಗೆ ಗುಂಡಿ ಒತ್ತುವ ಉಪಾಯವನ್ನೂ ಮಾಡಿದ್ದೇನೆ. ಹಾಡಿನ ನಡುವೆಯೂ ಯಂತ್ರ ಶ್ರುತಿ ಬದಲಿಸುತ್ತದೆ, ನಿಜ. ಆದರೆ ಹಿಮ್ಮೇಳ ಜಾರಿಬಿದ್ದದ್ದು ಎಲ್ಲರಿಗೂ ಕೇಳಿಸುತ್ತದೆ, ಪರದೆಯ ಮೂಲೆಯಲ್ಲಿ ಅಂಕಿಯೂ ಮೂಡುತ್ತದೆ. ಲೆಕ್ಕಪತ್ರ ವಿಭಾಗದವರ ಕಣ್ಣಿಗೆ ಅಂಕಿ ಬೀಳದೆ ಇರುತ್ತದೆಯೇ! ಇಡೀ ಹಾಡನ್ನು ಒಂದು ಸ್ಥಾಯಿ ಕೆಳಗೆ ಹಾಡಿದರಂತೂ ಪ್ರೇಮಗೀತೆ ಮಂತ್ರಪುಷ್ಪವಾಗುತ್ತದೆ. ಹುಟ್ಟಾ ಎತ್ತರದ ದನಿ ಇರುವವರು ಕಣ್ಣುಮುಚ್ಚಿ ಇದನ್ನೇ ಆರಿಸಿಕೊಳ್ಳಿ. ನನಗೆ ಆ ಯೋಗವಿಲ್ಲ.

ಇನ್ನು ಉಂಗುರದ ವಿಷಯ. 1981ರ ಹಾಡು, ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿ ಪಡೆದದ್ದು. ‘ದಿ ಬೆಸ್ಟ್ ಟೆನ್’ ಎಂಬ ಟಿವಿ ಕಾರ್ಯಕ್ರಮದಲ್ಲಿ ಸತತ 12 ವಾರ ಮೊದಲ ಸ್ಥಾನದಲ್ಲಿತ್ತು. ಹೀಗಾಗಿ ಆಗ ಮನೆಯಲ್ಲಿ ಟಿವಿ ಇದ್ದ ಚಿಕ್ಕ ಹುಡುಗಿಯರಿಗೂ ಬಾಯಿಪಾಠ. ಸಾಹಿತ್ಯ ಮತ್ಸುಮೊತೊ ತಕಾಶಿ ಅವರದು, ರಾಗ ಸಂಯೋಜನೆ ಸ್ವತಃ ತೆರಾವೊ ಅವರದೇ. ಅವರು ನಟ ಕೂಡ. ಕುರೊಸಾವಾ ಅವರ ‘ರಾನ್’ ಚಲನಚಿತ್ರ ನೋಡಿದವರಿಗೆ ಹಿರಿಯ ಮಗನ ಪಾತ್ರದಲ್ಲಿ ಪರಿಚಯವಿರುತ್ತದೆ. ಗಾಯಕನ ಬದಲು ನಟನೊಬ್ಬ ಹಾಡಿದ್ದು ನಮ್ಮಂಥವರ ಪುಣ್ಯ. ದನಿ ಮೇಲೇರುವ ಗೊಡವೆಗೇ ಹೋಗುವುದಿಲ್ಲ. ಮಾತಿಗೂ ಹಾಡಿಗೂ ನಡುವಿನ ಒಂದು ಬೇಸರದ ದನಿಯಲ್ಲಿ, ಬಿಟ್ಟುಹೋದವಳ ಬಗ್ಗೆ ಹೇಳುತ್ತಾನೆ. ಎರಡು ವರ್ಷ ಕಳೆದರೂ ಬೀದಿಯಲ್ಲಿ ಅಂಥದೇ ಕೋಟು ಕಂಡರೆ ಬೆರಳಲ್ಲಿ ಉಂಗುರವಿದೆಯೇ ಎಂದು ನೋಡುವವನು ಅವನು. ಅಳುವುದಿಲ್ಲ, ಬೇಡುವುದಿಲ್ಲ. ಅಕ್ಕಂದಿರಿಗೆ ಹಿಡಿಸುವುದು ಇದೇ ಎಂದು ನನ್ನ ಅನುಮಾನ. ತಮ್ಮ ಮೇಲೆ ಯಾರೂ ಪ್ರೇಮ ಸುರಿಯುತ್ತಿಲ್ಲ ಎಂಬ ನಿರಾಳದಲ್ಲಿ ಕೇಳುತ್ತಾರೆ. ಕಣ್ಣಿಗೆ ಕಣ್ಣು ಸೇರಿಸಿ ಹಾಡುವ ಗಂಡಸನ್ನು ಈ ವಯಸ್ಸಿನ ಹೆಂಗಸರು ದೂರದಿಂದಲೇ ಗುರುತಿಸಿ ಬದಿಗಿಡುತ್ತಾರೆ. ನಾನಂತೂ ಪರದೆಯನ್ನೇ ನೋಡುತ್ತೇನೆ.

ತೊಡಕಿಲ್ಲವೆಂದಲ್ಲ. ಒಂದೊಂದು ಸಾಲಿನಲ್ಲೂ ಪದಗಳು ಒತ್ತಾಗಿವೆ. ಚೀನೀ ಅಕ್ಷರಗಳ ತಲೆಯ ಮೇಲೆ ಉಚ್ಚಾರ ತೋರಿಸುವ ಪುಟ್ಟ ಹಿರಗಾನಾ ಅಕ್ಷರಗಳನ್ನು ಓದುತ್ತ ಕೂತರೆ ತಾಳ ತಪ್ಪುತ್ತದೆ. ನಾನು ಹಾಡನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡು ಕಲಿತೆ. ಎ, ಏ, ಒ, ಓ ಬೇರೆ ಬೇರೆಯಾಗಿ ತೋರಿಸುವ ಲಿಪಿ ಇರುವುದು ಜಪಾನಿ ಹಾಡಿಗೆ ಎಷ್ಟು ಅನುಕೂಲ ಎಂಬುದು ರೋಮನ್ ಅಕ್ಷರಗಳಲ್ಲಿ ಬರೆದುಕೊಂಡು ಒದ್ದಾಡುವ ಸಹೋದ್ಯೋಗಿಗಳನ್ನು ಕಂಡಾಗ ತಿಳಿಯಿತು.

ಫುಕುಯಾಮಾ ಮಸಹರು ಅವರ ‘ಸಕುರಾಝಕಾ’ (2000) ಕೂಡ ತಗ್ಗು ದನಿಯದೇ. ಹಾಡಲು ಸುಲಭ, ಆದರೆ ಕೇಳುಗರ ಕಣ್ಣೆದುರು ಆ ಚೆಲುವನೇ ನಿಂತಿರುತ್ತಾನೆ. 2015ರಲ್ಲಿ ಆತ ಮದುವೆಯಾದಾಗ ದೇಶದ ಹೆಂಗಸರು ಸೂತಕ ಹಿಡಿದವರಂತಿದ್ದರು. ಅಂಥವನೊಂದಿಗೆ ಹೋಲಿಕೆಗೆ ನಿಲ್ಲುವ ಧೈರ್ಯ ನಿಮಗಿದ್ದರೆ ಹಾಡಿ. ನಲವತ್ತರ ಆಸುಪಾಸಿನವರಿದ್ದರೆ ಇದೇ ಸರಿ.

ಒಝಾಕಿ ಯುತಾಕಾ ಅವರ ‘ಐ ಲವ್ ಯೂ’ ಬೇಡ. ಇಪ್ಪತ್ತಾರಕ್ಕೇ ತೀರಿಕೊಂಡವನ ಹಾಡು, ಕೋಣೆ ತಣ್ಣಗಾಗುತ್ತದೆ.

ಚಾಗೆ ಮತ್ತು ಅಸುಕಾ ಜೋಡಿಯ ‘ಸೇ ಯೆಸ್’ ಕೂಡ 1991ರ ಇನ್ನೊಂದು ಧಾರಾವಾಹಿಯದೇ. ಪ್ರೇಮ ಸಾಬೀತುಪಡಿಸಲು ನಾಯಕ ಲಾರಿಗೆ ಅಡ್ಡ ಹಾರುವ ದೃಶ್ಯವನ್ನು ಅಕ್ಕಂದಿರು ಇಂದಿಗೂ ಅಭಿನಯಿಸಿ ತೋರಿಸುತ್ತಾರೆ, ಆ ನಗುವೇ ಅರ್ಧ ಲಾಭ. ಆದರೆ ಅದು ಇಬ್ಬರ ಹಾಡು, ಒಬ್ಬನೇ ಹಾಡಿದರೆ ಬೋಳು. ಚೆನ್ನೈಯ ಸಹೋದ್ಯೋಗಿಯೊಬ್ಬರಿಗೆ ಮೇಲಿನ ದನಿ ಸಲೀಸು. ಅವರು ಬಂದ ದಿನ ಮಾತ್ರ ಇದನ್ನು ಮುಟ್ಟುತ್ತೇನೆ.

ಖರ್ಚಿನ ಮಾತು. ಸ್ನ್ಯಾಕ್‌ನಲ್ಲಿ ಕೂತೆದ್ದರೆ ಮೂರು ಸಾವಿರ ಯೆನ್ನಿಗೆ ಕಡಿಮೆಯಾಗುವುದಿಲ್ಲ. ಅಲ್ಲಿ ಅಭ್ಯಾಸ ಮಾಡುವುದು ದುಂದು. ವಾರದ ಹಗಲಿನಲ್ಲಿ ಕರಾವೊಕೆ ಕೋಣೆಗಳ ಬಾಡಿಗೆ ಅಗ್ಗ, ಒಬ್ಬಂಟಿಯಾಗಿ ಹೋದರೂ ಯಾರೂ ಹುಬ್ಬೇರಿಸುವುದಿಲ್ಲ. ರಜೆ ಇದ್ದ ದಿನ ನಾನು ಹೋಗುವುದು ಅಲ್ಲಿಗೆ. ಒದಾ ಹಾಡಿಗೆ ಬೇಕಾಗುವಷ್ಟು ಗಂಟೆಗಳ ಬಾಡಿಗೆ ಕೊಡುವ ಸ್ಥಿತಿಯಲ್ಲಿ ನನ್ನ ಜೇಬಿಲ್ಲ. ಉಂಗುರ ಬೇಗ ಒಲಿಯಿತು.

ಆದ್ದರಿಂದ ನನ್ನ ಸರದಿ ಬಂದಾಗ ಮೊದಲು ಉಂಗುರ, ಮೂಲ ಶ್ರುತಿಯಲ್ಲೇ, ಅಂಕ ಕೊಡುವ ಸೌಲಭ್ಯವನ್ನು ನಿಲ್ಲಿಸಿ. ಅಷ್ಟರಲ್ಲಿ ಯಾರಾದರೂ ಎರಡನೆಯ ಮೈಕಿನತ್ತ ಕೈ ಚಾಚಿದರೆ 1987ರ ಯುಗಳಗೀತೆ ‘ಲೋನ್ಲಿ ಚಾಪ್ಲಿನ್’. ಅದರಲ್ಲಿ ಹೆಂಗಸಿನ ಪಾಲು ಹಿರಿದು, ಹಾಡಿದ ಖುಷಿಯೂ ಅವರದೇ. ಒದಾ ಕಜುಮಸಾ ಬೇಕೆಂದು ಅವರೇ ಕೇಳಿದರೆ ರಿಮೋಟನ್ನು ಅವರ ಕೈಗೆ ಕೊಡುತ್ತೇನೆ. ಗಂಡಸರಿಗೆ ಎಟುಕದ ಆ ಪಲ್ಲವಿ ಅವರಿಗೆ ಲೀಲಾಜಾಲ.